ಹೆಸರು ನೀವಿಡಬೇಡಿ, ಒಮ್ಮೆ ತೋರಿಸಿ

ಮೂಗಿನಲ್ಲಿ ರಕ್ತ ಬಂದರೆ ಮನೆಮಂದಿಯನ್ನೆಲ್ಲ ಕೂಗಿ ಕರೆಯುವ ಹುಡುಗರು, ಕೆಳಗಡೆ ರಕ್ತ ಬಂದರೆ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಸರ್ಜರಿ ಓಪಿಡಿಯಲ್ಲಿ ಕೂತೇ ಕೂದಲು ಹಣ್ಣಾದ ನನಗೆ ಇದು ದಿನನಿತ್ಯದ ನೋಟವಾಗಿತ್ತು. ಚೀಟಿ ಮಾಡಿಸುವಾಗ 'ಹೊಟ್ಟೆನೋವು' ಎಂದು ಬರೆಸಿಕೊಂಡು ಬರುತ್ತಾರೆ. ಒಳಗೆ ಬಂದ ಮೇಲೂ ಹೊಟ್ಟೆಯ ವಿಚಾರವನ್ನೇ ಸುತ್ತಿ ಬಳಸಿ ಮಾತಾಡುತ್ತಾರೆ. ಗ್ಯಾಸ್ ಮಾತ್ರೆ ಬರೆದು, ಚೀಟಿ ಕೈಗೆ ಕೊಟ್ಟು, ಮುಂದಿನವರನ್ನು ಕರೆಯುವ ಹೊತ್ತಿಗೆ ಬಾಗಿಲ ತನಕ ಹೋದವನು ತಿರುಗಿ ಬಂದು, 'ಸಾರ್, ಇನ್ನೊಂದು ವಿಷಯ...' ಎಂದು ದನಿ ತಗ್ಗಿಸುತ್ತಾನೆ. ಅವನು ಬಸ್ಸು ಹತ್ತಿ ಬಂದಿದ್ದೇ ಆ 'ಇನ್ನೊಂದು ವಿಷಯ'ಕ್ಕೆ.

ನಿಮ್ಮ ವಯಸ್ಸಿನವರಿಗೆ ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಓದಿದಷ್ಟು ಓದಿ. ಆ ಜಾಗದಲ್ಲಿ ನೋವೋ ರಕ್ತವೋ ಗಂಟೋ ಕಂಡರೆ 'ಪೈಲ್ಸ್' ಎಂದು ನೀವೇ ಹೆಸರಿಟ್ಟುಕೊಂಡು ಔಷಧಿ ಶುರು ಮಾಡಬೇಡಿ. ಒಬ್ಬ ಡಾಕ್ಟರಿಗೆ ಒಮ್ಮೆ ತೋರಿಸಿ. ಪೈಲ್ಸೇ ಆಗಿದ್ದರೆ ಬಹಳಷ್ಟು ಸಲ ಸುಲಭದಲ್ಲಿ ಹತೋಟಿಗೆ ಬರುತ್ತದೆ. ಬೇರೇನೋ ಆಗಿದ್ದರೆ ಬೇಗ ತಿಳಿಯುತ್ತದೆ.

ಈ ಮೂಲವ್ಯಾಧಿ ಎಲ್ಲಿಂದಲೋ ಬಂದು ಅಂಟಿಕೊಳ್ಳುವ ರೋಗವೆಂಬ ಭಾವನೆ ಮೊದಲು ಬಿಡಿ. ಗುದದ್ವಾರದ ಸ್ವಲ್ಪ ಒಳಗೆ, ಸಣ್ಣ ರಕ್ತನಾಳಗಳೂ ನಾರುಗಳೂ ಹೆಣೆದುಕೊಂಡ ಮೂರು ಮೆತ್ತೆಗಳು ಹುಟ್ಟಿನಿಂದಲೇ ನಮ್ಮೆಲ್ಲರಿಗೂ ಇವೆ. ಸಾಮಾನ್ಯವಾಗಿ ಎಡಗಡೆ ಒಂದು, ಬಲಗಡೆ ಮುಂದಕ್ಕೊಂದು, ಹಿಂದಕ್ಕೊಂದು. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಇವು ರಕ್ತ ತುಂಬಿಕೊಂಡು ಉಬ್ಬಿ ಬಾಗಿಲನ್ನು ಬಿಗಿಯಾಗಿ ಮುಚ್ಚುತ್ತವೆ. ನಾಲ್ಕು ಜನರ ನಡುವೆ ನಮ್ಮ ಮರ್ಯಾದೆ ಉಳಿಸುವುದರಲ್ಲಿ ಇವುಗಳ ಪಾಲೂ ಇದೆ. ಗಟ್ಟಿ ಮಲವನ್ನು ವರ್ಷಗಟ್ಟಲೆ ತಿಣುಕಿ ತಿಣುಕಿ ಹೊರಹಾಕುತ್ತಿದ್ದರೆ, ಇವನ್ನು ಗೋಡೆಗೆ ಹಿಡಿದಿಟ್ಟಿದ್ದ ನಾರು ಸಡಿಲಗೊಂಡು ಮೆತ್ತೆ ಕೆಳಕ್ಕೆ ಜಾರುತ್ತದೆ. ಹಿಂದೆ ಇದನ್ನು ಉಬ್ಬಿದ ನರ ಎಂದಷ್ಟೇ ತಿಳಿಯುತ್ತಿದ್ದರು. 1975ರಲ್ಲಿ ಥಾಮ್ಸನ್ ಎಂಬ ಬ್ರಿಟಿಷ್ ಸರ್ಜನ್ ಈ ಮೆತ್ತೆಗಳ ವಿವರಣೆ ಕೊಟ್ಟ ಮೇಲೆ ತಿಳಿವಳಿಕೆ ಬದಲಾಯಿತು. ಜಾರಿದ ಮೆತ್ತೆಯ ತೆಳು ಪೊರೆ ಮಲಕ್ಕೆ ಉಜ್ಜಿ ಹರಿದಾಗ ರಕ್ತ ಬರುತ್ತದೆ. ಕೆಂಪನೆಯ, ತಾಜಾ ರಕ್ತ. ಮಲದ ಮೇಲೆ ಗೆರೆಯಾಗಿ, ಇಲ್ಲವೇ ಕೊನೆಯಲ್ಲಿ ತೊಟ್ಟು ತೊಟ್ಟಾಗಿ ಬೀಳುತ್ತದೆ. ಒಂದೆರಡು ಚಮಚ ರಕ್ತ ನೀರಿನಲ್ಲಿ ಹರಡಿದರೂ ಕಮೋಡೆಲ್ಲ ಕೆಂಪಾಗಿ ಎದೆ ಧಸಕ್ಕೆನ್ನುತ್ತದೆ.

ಹೊರಗೆ ಬರುವ ಗಂಟಿನ ವಿಷಯಕ್ಕೆ ನಾವು ಕೇಳುವ ಪ್ರಶ್ನೆ ಒಂದೇ: 'ತಾನಾಗಿ ಒಳಗೆ ಹೋಗುತ್ತಾ, ಕೈಯಲ್ಲಿ ತಳ್ಳಬೇಕಾ?' ರಕ್ತ ಮಾತ್ರ ಬಂದು ಗಂಟು ಬರದಿದ್ದರೆ ಮೊದಲ ಹಂತ. ಬಂದದ್ದು ತಾನೇ ಒಳಗೆ ಸರಿದರೆ ಎರಡನೆಯದು. ಬೆರಳಲ್ಲಿ ತಳ್ಳಬೇಕಾದರೆ ಮೂರನೆಯದು. ತಳ್ಳಿದರೂ ಹೋಗದೆ ಹೊರಗೇ ಉಳಿದರೆ ನಾಲ್ಕನೆಯದು. ಚಿಕಿತ್ಸೆಯ ದಾರಿ ಮುಖ್ಯವಾಗಿ ಈ ಉತ್ತರದ ಮೇಲೆ ನಿಂತಿದೆ. ಹಾಗಾಗಿ ನಾಚಿಕೊಂಡು ಸುಳ್ಳು ಹೇಳಬೇಡಿ.

ಒಳಗಿನ ಮೂಲವ್ಯಾಧಿಗೆ ಸಾಮಾನ್ಯವಾಗಿ ನೋವಿರುವುದಿಲ್ಲ. ಗುದನಾಳದ ಒಳಗೆ ಒಂದು ಗಡಿಗೆರೆ ಇದೆ. ಅದರ ಮೇಲಿನ ಭಾಗಕ್ಕೆ ಚರ್ಮದಲ್ಲಿರುವಂಥ ನೋವಿನ ನರಗಳಿಲ್ಲ, ಕೆಳಗಿನ ಭಾಗಕ್ಕೆ ಬೇಕಾದಷ್ಟಿವೆ. ಈ ಮೆತ್ತೆಗಳು ಗೆರೆಯ ಮೇಲೆ ಇರುವುದರಿಂದ ರಕ್ತ ಸುರಿದರೂ ನೋವು ಗೊತ್ತಾಗುವುದಿಲ್ಲ. 'ಸಾರ್, ಪೈಲ್ಸ್, ತಡೆಯಲಾರದ ನೋವು' ಎಂದು ಬಂದವರ ಮಾತನ್ನು ಅದಕ್ಕೇ ನಾನು ಅರ್ಧ ಮಾತ್ರ ನಂಬುತ್ತಿದ್ದೆ.

ನಿಮ್ಮ ವಯಸ್ಸಿನಲ್ಲಿ ಆ ನೋವು ಹೆಚ್ಚಾಗಿ ಫಿಶರ್‌ನದು. ಗಟ್ಟಿ ಮಲ ಹಾಯುವಾಗ ದ್ವಾರದ ಅಂಚಿನ ಚರ್ಮ, ಬಹುತೇಕ ಹಿಂಬದಿಯ ನಡುಭಾಗದಲ್ಲಿ, ಸಣ್ಣಗೆ ಸೀಳಿರುತ್ತದೆ. 'ಗಾಜಿನ ಚೂರು ಹೋದ ಹಾಗಾಗುತ್ತೆ' ಎಂದು ರೋಗಿಗಳೇ ಹೇಳುತ್ತಾರೆ. ಹೋಗಿ ಬಂದ ಮೇಲೂ ಗಂಟೆಗಟ್ಟಲೆ ಉರಿ. ಸೀಳಿನ ನೋವಿಗೆ ಒಳಗಿನ ಸ್ನಾಯು ಬಿಗಿಯುತ್ತದೆ, ಬಿಗಿದದ್ದಕ್ಕೆ ಅಲ್ಲಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಹರಿಯದೆ ಸೀಳು ಮಾಯುವುದಿಲ್ಲ. ನೋವಿನ ಹೆದರಿಕೆಗೆ ಹುಡುಗರು ಎರಡಕ್ಕೆ ಹೋಗುವುದನ್ನೇ ಮುಂದೂಡುತ್ತಾರೆ, ಮಲ ಒಳಗೇ ಇನ್ನಷ್ಟು ಗಟ್ಟಿಯಾಗುತ್ತದೆ, ಮರುದಿನ ಸೀಳು ಮತ್ತೆ ಬಿಚ್ಚುತ್ತದೆ. ಪೈಲ್ಸ್ ಮುಲಾಮು ಹಚ್ಚಿ ಇದು ವಾಸಿಯಾಗಲಿಲ್ಲವೆಂದು ಕೊರಗುವವರು ಎಷ್ಟೋ ಮಂದಿ. ಸ್ನಾಯುವನ್ನು ಸಡಿಲಿಸುವ ಮುಲಾಮೇ ಬೇರೆ. ಡಿಲ್ಟಿಯಾಜೆಮ್ ಅಂಥದ್ದು. ಅದನ್ನು ಡಾಕ್ಟರು ಹೇಳಿದಷ್ಟು ವಾರ ಬಿಡದೆ ಹಚ್ಚಿ, ಮಲ ಮೆತ್ತಗಾಗುವಂತೆ ನೋಡಿಕೊಂಡರೆ ಹೊಸ ಫಿಶರ್‌ಗಳಲ್ಲಿ ಬಹುಪಾಲು ಕತ್ತಿ ಸೋಕದೆ ಮಾಯುತ್ತವೆ.

ನಿನ್ನೆ ಏನೂ ಇರಲಿಲ್ಲ, ಇವತ್ತು ಬೆಳಗ್ಗೆ ದ್ವಾರದ ಪಕ್ಕ ನೇರಳೆ ಬಣ್ಣದ, ಮುಟ್ಟಿದರೆ ಪ್ರಾಣ ಹೋಗುವಂಥ ಗಂಟು ಎಂದರೆ ಅದು ಹೊರಗಿನ ಮೂಲವ್ಯಾಧಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದು. ಮೊದಲ ಮೂರು ದಿನದೊಳಗೆ ಬಂದರೆ ಆ ಜಾಗವನ್ನಷ್ಟೇ ಮರಗಟ್ಟಿಸಿ ತೆಗೆಯಬಹುದು. ಅದು ದಾಟಿದ್ದರೆ ನೋವು ತಾನಾಗಿ ಇಳಿಮುಖವಾಗುವುದರಿಂದ ಬಿಸಿನೀರು, ನೋವಿನ ಮಾತ್ರೆ ಸಾಕಾಗುತ್ತದೆ. ಪಕ್ಕದಲ್ಲಿ ಕುರು ಎದ್ದು, ಒಡೆದು, ಕೀವು ಒಸರಿ, ಮುಚ್ಚಿ, ಮತ್ತೆ ಒಸರುತ್ತಿದ್ದರೆ ಅದು ಫಿಸ್ಟುಲಾ, ನಮ್ಮವರು ಭಗಂದರ ಎನ್ನುವುದು. ಯಾವ ಮುಲಾಮಿಗೂ ಅದು ಬಗ್ಗುವುದಿಲ್ಲ.

ಪೈಲ್ಸ್, ಫಿಶರ್, ಹೆಪ್ಪುಗಟ್ಟಿದ ಗಂಟು, ಫಿಸ್ಟುಲಾ, ಈ ನಾಲ್ಕಲ್ಲದೆ ಇನ್ನು ಐದನೆಯದೊಂದಿದೆ. ಮೂವತ್ತರ ಆಸುಪಾಸಿನ ಒಬ್ಬ ತರುಣ, ಕಟ್ಟುಮಸ್ತಾದವನು, ತಂಗಿಯ ಮದುವೆ ಓಡಾಟದಲ್ಲಿದ್ದವನು ನನ್ನ ಬಳಿ ಬಂದಾಗ ಅವನ ಚೀಲದಲ್ಲಿ ಮೂರು ಬಗೆಯ ಪೈಲ್ಸ್ ಮಾತ್ರೆ, ಒಂದು ಲೇಹ್ಯ, ಹಿಂಡಿ ಹಿಂಡಿ ಸುರುಟಿಹೋದ ಎರಡು ಮುಲಾಮಿನ ಟ್ಯೂಬು ಇದ್ದವು. ಮಳೆಗಾಲದಲ್ಲಿ ಶುರುವಾದ ರಕ್ತಕ್ಕೆ ಬೇಸಿಗೆಯ ತನಕ ಅವನೇ ಔಷಧಿ ಮಾಡಿಕೊಂಡಿದ್ದ. ಕೇಳುತ್ತಾ ಹೋದೆ. ದಿನಕ್ಕೆ ಒಂದು ಸಲ ಹೋಗುತ್ತಿದ್ದವನು ಈಗ ನಾಲ್ಕೈದು ಸಲ ಹೋಗುತ್ತಿದ್ದ. ಹೋಗಿ ಬಂದರೂ ಪೂರ್ತಿ ಆಗಿಲ್ಲ ಎನ್ನಿಸುತ್ತಿತ್ತು. ರಕ್ತದ ಜೊತೆ ಲೋಳೆ. ಪ್ಯಾಂಟಿನ ಬೆಲ್ಟಿಗೆ ಹೊಸ ತೂತು ಹೊಡೆಸಿದ್ದ. ಪರೀಕ್ಷೆ ಮಾಡಿದರೆ ಬೆರಳಿಗೇ ಸಿಗುವಷ್ಟು ದೂರದಲ್ಲಿ ಗಡ್ಡೆ ಇತ್ತು. ಅವನ ಚಿಕಿತ್ಸೆಯ ಮುಂದಿನ ಕತೆ ಇಲ್ಲಿ ಬೇಡ. ಅಷ್ಟು ದಿನವೂ ಆ ಗಡ್ಡೆ ಬೆರಳಿನಳತೆಯಲ್ಲೇ ಇತ್ತು, ಯಾರೊಬ್ಬರೂ ಬೆರಳಿಟ್ಟು ನೋಡಿರಲಿಲ್ಲ ಎಂಬುದಷ್ಟೇ ನಿಮಗೆ ಗೊತ್ತಿರಲಿ.

ಹೆದರಿಸುವುದು ನನ್ನ ಉದ್ದೇಶವಲ್ಲ. ರಕ್ತ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ. ಆದರೆ ನಮ್ಮ ದೇಶದಲ್ಲಿ ಮಲಾಶಯದ ಕ್ಯಾನ್ಸರ್ ನಲವತ್ತರೊಳಗಿನವರಲ್ಲೂ ಕಾಣಿಸುತ್ತದೆ, ಮತ್ತು ಅವರಲ್ಲಿ ಎಷ್ಟೋ ಮಂದಿ ತಿಂಗಳುಗಟ್ಟಲೆ ಪೈಲ್ಸ್ ಔಷಧಿ ತಿಂದೇ ಬಂದಿರುತ್ತಾರೆ. ಮಲದೊಳಗೆ ಕಲೆತು ಬರುವ ಕಪ್ಪುಗೆಂಪು ರಕ್ತ, ಲೋಳೆ, ಹೋಗುವ ಅಭ್ಯಾಸದಲ್ಲಿ ವಾರಗಟ್ಟಲೆ ಉಳಿದ ಬದಲಾವಣೆ, ಕಾರಣವಿಲ್ಲದೆ ಇಳಿಯುವ ತೂಕ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಇವುಗಳಲ್ಲಿ ಯಾವುದಿದ್ದರೂ ನಾಳೆ ಎನ್ನಬೇಡಿ. ಡಾಂಬರಿನಂತೆ ಕಪ್ಪಗೆ ಅಂಟಂಟಾಗಿ ಹೋದರೆ ರಕ್ತ ಜಠರದ ಕಡೆಯಿಂದ ಬರುತ್ತಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. (ಕಬ್ಬಿಣಾಂಶದ ಮಾತ್ರೆ ತಿನ್ನುವವರಿಗೂ ಕಪ್ಪಾಗಿ ಹೋಗುತ್ತದೆ. ಅದಕ್ಕೆ ಗಾಬರಿ ಬೇಡ, ಮಾತ್ರೆಯ ಹೆಸರನ್ನು ಡಾಕ್ಟರಿಗೆ ಹೇಳಿ.)

ತೋರಿಸಿ ಎಂದಾಗ ನಿಮ್ಮನ್ನು ಹಿಂದಕ್ಕೆಳೆಯುವುದು ಪರೀಕ್ಷೆಯ ಭಯ. ಏನಾಗುತ್ತದೆಂದು ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ, ಹೇಳುತ್ತೇನೆ ಕೇಳಿ. ಪರದೆ ಎಳೆದ ಮಂಚದ ಮೇಲೆ ಎಡ ಮಗ್ಗುಲಾಗಿ ಮಲಗಿ ಮಂಡಿಗಳನ್ನು ಎದೆಯತ್ತ ಮಡಚಿಕೊಳ್ಳಬೇಕು. ಪ್ಯಾಂಟನ್ನು ತೊಡೆಯ ತನಕ ಸರಿಸಿದರೆ ಸಾಕು, ಮೇಲೆ ಬಟ್ಟೆ ಹೊದಿಸುತ್ತಾರೆ. ನಿಮ್ಮ ಮುಖ ಗೋಡೆಯ ಕಡೆಗಿರುತ್ತದೆ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಡಾಕ್ಟರು ಮೊದಲು ಹೊರಗಿನಿಂದ ಕಣ್ಣಲ್ಲಿ ನೋಡುತ್ತಾರೆ. ಫಿಶರ್ ಇದ್ದರೆ ಇಷ್ಟಕ್ಕೇ ಗೊತ್ತಾಗಬಹುದು, ಆಗ ನೋಯುವ ಜಾಗಕ್ಕೆ ಅವತ್ತು ಬೆರಳು ಹಾಕುವುದಿಲ್ಲ. ಇಲ್ಲದಿದ್ದರೆ ಕೈಗವಸಿನ ಬೆರಳಿಗೆ ಜೆಲ್ಲಿ ಹಚ್ಚಿ ನಿಧಾನವಾಗಿ ಒಳಗೆ ನೋಡುತ್ತಾರೆ. ಆ ಕ್ಷಣಕ್ಕೆ ಹೋಗಬೇಕೆನ್ನಿಸಿದಂತಾಗುತ್ತದೆ, ನಿಜವಾಗಿ ಏನೂ ಆಗುವುದಿಲ್ಲ. ಬಾಯಿ ತೆರೆದು ಉಸಿರು ಬಿಟ್ಟರೆ ಸ್ನಾಯು ಸಡಿಲವಾಗುತ್ತದೆ. ಒಳಗಿನ ಮೂಲವ್ಯಾಧಿ ಮೆತ್ತಗಿರುವುದರಿಂದ ಬೆರಳಿಗೆ ತಿಳಿಯುವುದು ಕಡಿಮೆ. ಅದಕ್ಕೆಂದು ಪ್ರಾಕ್ಟೋಸ್ಕೋಪ್ ಎಂಬ ಹೆಬ್ಬೆರಳು ಗಾತ್ರದ ಗಿಡ್ಡ ಕೊಳವೆಯನ್ನು ಇಟ್ಟು, ಟಾರ್ಚಿನ ಬೆಳಕು ಬಿಟ್ಟು, ಹಿಂದಕ್ಕೆಳೆಯುತ್ತಾ ನೋಡುತ್ತಾರೆ. ಮೆತ್ತೆಗಳು ಒಂದೊಂದಾಗಿ ಕೊಳವೆಯ ಬಾಯಿಗೆ ಇಳಿದು ಕಾಣುತ್ತವೆ. ಎಲ್ಲ ಸೇರಿ ಕೆಲವೇ ನಿಮಿಷ. ಹುಡುಗಿಯರು ಪರೀಕ್ಷೆಯ ಹೊತ್ತಿಗೆ ಸಿಸ್ಟರ್ ಜೊತೆಗಿರಲಿ ಎಂದು ಕೇಳಬಹುದು, ಕೇಳಲೇಬೇಕು, ಅದು ನಿಮ್ಮ ಹಕ್ಕು. ಡಾಕ್ಟರಿಗೆ ಅಸಹ್ಯವಾಗುತ್ತದೇನೋ ಎಂದು ಎಷ್ಟೋ ಜನ ಕೇಳಿದ್ದಾರೆ. ನೆಗಡಿ ಬಂದವನ ಮೂಗು ನೋಡಿದಷ್ಟೇ ನಮಗದು.

ಪ್ರಪಂಚದಲ್ಲಿ ನೀವೊಬ್ಬರೇ ಇಲ್ಲ. 1978ರ ಡಿಸೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇದೇ ಬಾಧೆಯಿಂದ ಕೆಲಸ ನಿಲ್ಲಿಸಿ ಮಲಗಬೇಕಾಯಿತು, ಊರಿಗೆಲ್ಲ ಸುದ್ದಿಯೂ ಆಯಿತು. 1980ರ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನಲ್ಲಿ ಜಾರ್ಜ್ ಬ್ರೆಟ್ ಎಂಬ ಆಟಗಾರ ಎರಡನೆಯ ಪಂದ್ಯದ ನಡುವೆ ನೋವು ತಾಳದೆ ಹೊರಬಂದ. ಬಿಡುವಿನಲ್ಲಿ ಸಣ್ಣ ಶಸ್ತ್ರಕ್ರಿಯೆ ಮಾಡಿಸಿಕೊಂಡು ಮೂರನೆಯ ಪಂದ್ಯಕ್ಕೆ ಇಳಿದು ಹೋಮ್‌ರನ್ ಹೊಡೆದ. ನಮ್ಮಲ್ಲಿ ಯಾವ ಮಂತ್ರಿಯಾಗಲಿ, ಕ್ರಿಕೆಟಿಗನಾಗಲಿ ಇದನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ನಾವು ಬಾಯಿ ಬಿಡದಿರುವುದು ಚೆನ್ನಾಗಿ ಅರ್ಥವಾಗಿರುವುದು ಗೋಡೆಗಳಿಗೆ ಚೀಟಿ ಅಂಟಿಸುವವರಿಗೆ. ಬಸ್ ಸ್ಟ್ಯಾಂಡಿನ ಮೂತ್ರಾಲಯಕ್ಕೆ ಹೋದರೆ ಕಣ್ಣಿನ ನೇರಕ್ಕೆ ಕಾಣುತ್ತದೆ: ಮೂಲವ್ಯಾಧಿ, ಭಗಂದರ, ಆಪರೇಷನ್ ಇಲ್ಲ, ನೋವಿಲ್ಲ, ಗ್ಯಾರಂಟಿ. ಮುಖ ತೋರಿಸದೆ ಕೆಲಸ ಮುಗಿಯುತ್ತದೆ ಎಂಬ ಆಸೆಯೇ ಅವರ ಬಂಡವಾಳ. ಅಂಥ ಕಡೆ ಏನೆಂದು ಗೊತ್ತಿಲ್ಲದ ಸುಡುವ ದ್ರಾವಣವನ್ನು ಚುಚ್ಚಿಸಿಕೊಂಡು, ಸುತ್ತಲ ಮಾಂಸ ಕೊಳೆತು, ಆಮೇಲೆ ದ್ವಾರವೇ ಕಿರಿದಾಗಿ ಬಂದವರಿಗೆ ನಾವು ಚಿಕಿತ್ಸೆ ಮಾಡಿದ್ದೇವೆ. ಚುಚ್ಚುಮದ್ದಿನ ಚಿಕಿತ್ಸೆ ಎಂಬುದು ವೈದ್ಯಶಾಸ್ತ್ರದಲ್ಲೇ ಇದೆ, ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದಿದೆ. ಯಾವ ಔಷಧಿ, ಎಷ್ಟು, ಗೆರೆಯ ಮೇಲೆ ಎಲ್ಲಿ ಎಂಬುದು ಚುಚ್ಚುವವನಿಗೆ ಗೊತ್ತಿರಬೇಕು, ಅಷ್ಟೇ. ಈಗ ಪೇಟೆಗಳಲ್ಲಿ ಗೋಡೆಚೀಟಿಯ ಜಾಗಕ್ಕೆ ಮೊಬೈಲಿನ ಲೇಸರ್ ಜಾಹೀರಾತು ಬಂದಿದೆ. ಲೇಸರ್ ಸುಳ್ಳು ಎನ್ನಲಾರೆ, ಎರಡು ಮೂರನೆಯ ಹಂತದ ಕೆಲವರಿಗೆ ಒಪ್ಪುತ್ತದೆ, ಮರುಕಳಿಸುವುದೂ ಉಂಟು. ಆದರೆ ಪರೀಕ್ಷೆಯನ್ನೇ ಮಾಡದೆ ಫೋನಿನಲ್ಲೇ 'ಲೇಸರ್‌ಗೆ ದಿನ ಹಾಕೋಣ, ಇನ್ಶೂರೆನ್ಸ್ ಇದೆಯಾ' ಎಂದು ಕೇಳುವವರಿಂದ ದೂರ ಇರಿ.

ಆಯುರ್ವೇದದ ಬಗ್ಗೆ ನನ್ನನ್ನು ಕೆಣಕಿ ಕೇಳುವವರಿದ್ದಾರೆ. ಸುಶ್ರುತ ಈ ರೋಗಕ್ಕೆ ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂದು ನಾಲ್ಕು ದಾರಿ ಹೇಳಿದ್ದಾನೆ. ಇವತ್ತಿನ ಸರ್ಜರಿ ಪುಸ್ತಕದ ಪಟ್ಟಿಯೂ ಇದಕ್ಕೆ ಬಹಳ ದೂರವಿಲ್ಲ. ಭಗಂದರಕ್ಕೆ ಕ್ಷಾರಸೂತ್ರ, ಅಂದರೆ ಕ್ಷಾರ ಹಚ್ಚಿದ ದಾರ, ಕಟ್ಟುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಹಲವು ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆಯ ಜೊತೆ ಹೋಲಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ದಾರ ಕಟ್ಟಿದವರಿಗೆ ಮಾಯಲು ಹೆಚ್ಚು ದಿನ ಹಿಡಿಯಿತು, ಆದರೆ ಒಂದು ವರ್ಷದಲ್ಲಿ ಮರುಕಳಿಸಿದ್ದು 4%, ಶಸ್ತ್ರಕ್ರಿಯೆಯವರಲ್ಲಿ 11%. ಇದನ್ನು ಮೆಚ್ಚಿಕೊಳ್ಳಲು ಅಲೋಪಥಿಯವನಾದ ನನಗೆ ಸಂಕೋಚವಿಲ್ಲ. ಓದಿ ಪಾಸಾದ ಆಯುರ್ವೇದ ಸರ್ಜನ್ ಹತ್ತಿರ ಹೋಗುವುದಾದರೆ ಹೋಗಿ. ಅವರೂ ಬೆರಳಿಟ್ಟು ನೋಡಿಯೇ ಹೇಳುತ್ತಾರೆ.

ನಮ್ಮ ಕಡೆ ಪ್ರತಿಯೊಂದಕ್ಕೂ 'ಉಷ್ಣ ಆಗಿದೆ' ಎನ್ನುವ ರೂಢಿ. ಕೋಳಿ ತಿಂದೆ ಉಷ್ಣ, ಮೊಟ್ಟೆ ತಿಂದೆ ಉಷ್ಣ, ಬಸ್ಸಿನ ಇಂಜಿನ್ ಪಕ್ಕದ ಸೀಟಿನಲ್ಲಿ ಕೂತೆ ಉಷ್ಣ. ಥರ್ಮಾಮೀಟರಿಗೆ ಸಿಗುವ ಉಷ್ಣ ಅಲ್ಲಿ ಯಾವುದೂ ಇಲ್ಲ. ಆದರೆ ಹಾಗೆ ಹೇಳಿ ಅಜ್ಜಿ ಕೊಡುತ್ತಿದ್ದುದು ಮಜ್ಜಿಗೆ, ಎಳನೀರು, ಸೊಪ್ಪಿನ ಸಾರು, ಹೆಸರುಬೇಳೆ ಕೋಸಂಬರಿ. ಕಾರಣ ಏನೇ ಹೇಳಿರಲಿ, ಕೊಟ್ಟದ್ದು ನೀರು ಮತ್ತು ನಾರು. ಎರಡು ದಿನ ಸತತ ಬಿರಿಯಾನಿಯ ಮೇಲೆ ಬದುಕಿದವನಿಗೆ ಗಟ್ಟಿಯಾಗುವುದು ಕೋಳಿಯಿಂದಲ್ಲ, ತಟ್ಟೆಯಲ್ಲಿ ಸೊಪ್ಪು ತರಕಾರಿ ಇಲ್ಲದ್ದರಿಂದ. ಮೆಣಸಿನಕಾಯಿ ಕೂಡ ಪೈಲ್ಸ್ ತರಿಸುವುದಿಲ್ಲ. ಫಿಶರ್ ಇದ್ದವರಿಗೆ ಮಾತ್ರ ಉರಿ ಹೆಚ್ಚಿಸಬಹುದು.

ದೊಡ್ಡವರಿಗೆ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ನಾರು ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ ಸುಮಾರು 11 ಗ್ರಾಂ ನಾರಿದೆ, ಜೋಳಕ್ಕೆ 10, ಪಾಲಿಶ್ ಮಾಡಿದ ಅಕ್ಕಿಗೆ 3ಕ್ಕೂ ಕಡಿಮೆ. ಮುದ್ದೆ ಬಸ್ಸಾರು, ಜೋಳದ ರೊಟ್ಟಿ ಕಾಳುಪಲ್ಯ ತಿಂದು ಬೆಳೆದ ಮಕ್ಕಳು ಬೆಂಗಳೂರಿನ ಪಿಜಿಗೆ ಬಂದು ಬೆಳಗ್ಗೆ ರೈಸ್‌ಬಾತು, ಮಧ್ಯಾಹ್ನ ಬಿಳಿ ಅನ್ನ, ರಾತ್ರಿ ಪರೋಟ ಎಂದಾದರೆ ಮೂರು ತಿಂಗಳಲ್ಲಿ ಹೊಟ್ಟೆ ಲೆಕ್ಕ ಕೇಳುತ್ತದೆ. ಪಿಜಿಯವರು ಮುದ್ದೆ ಹಾಕಲಿ ಎಂದು ಕಾಯುತ್ತಾ ಕೂರಬೇಡಿ. ಸಂಜೆ ಬರುವಾಗ ಎರಡು ಸೀಬೆಹಣ್ಣು ತನ್ನಿ, ರಾತ್ರಿ ಒಂದು ಹಿಡಿ ಹೆಸರುಕಾಳು ನೆನೆಹಾಕಿ. ಜಿಮ್ಮಿಗೆ ಹೋಗುವವರು ಪ್ರೋಟೀನ್ ಪುಡಿಯ ಲೆಕ್ಕ ಇಡುವಷ್ಟು ಶ್ರದ್ಧೆಯನ್ನು ಸೊಪ್ಪಿಗೂ ಕೊಡಿ. ನಾರನ್ನು ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ವಾರ ಎರಡು ವಾರದಲ್ಲಿ ನಿಧಾನವಾಗಿ ಏರಿಸಿ.

ಊಟದಿಂದ ಸಾಲದಿದ್ದರೆ ಇಸಬ್‌ಗೋಲ್. ಗುಜರಾತಿನ ಹೊಲಗಳಲ್ಲಿ ಬೆಳೆಯುವ ಒಂದು ಗಿಡದ ಬೀಜದ ಹೊಟ್ಟು ಅದು. ಎರಡು ಚಮಚವನ್ನು ದೊಡ್ಡ ಲೋಟ ನೀರಿಗೆ ಹಾಕಿ ಹತ್ತು ನಿಮಿಷ ಹಾಗೇ ಬಿಟ್ಟು ನೋಡಿ, ಲೋಟವೆಲ್ಲ ಗಂಜಿಯಂತೆ ಕಟ್ಟಿಕೊಂಡಿರುತ್ತದೆ. ಹೊಟ್ಟೆಯಲ್ಲೂ ಅದು ಮಾಡುವುದು ಅದನ್ನೇ, ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗಿಡುತ್ತದೆ. ಅದಕ್ಕೇ ಕಲಸಿದ ಕೂಡಲೇ ಕುಡಿಯಬೇಕು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ಒಣ ಪುಡಿಯನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಊದಿಕೊಂಡು ಅಪಾಯ. 2005ರ ಕಾಕ್ರೇನ್ ವಿಮರ್ಶೆಯೊಂದು 7 ಅಧ್ಯಯನಗಳ 378 ರೋಗಿಗಳನ್ನು ಒಟ್ಟಿಗೆ ತೂಗಿ, ನಾರಿನ ಪುಡಿ ತೆಗೆದುಕೊಂಡವರಲ್ಲಿ ರಕ್ತಸ್ರಾವ ಸರಿಸುಮಾರು ಅರ್ಧಕ್ಕೆ ಇಳಿಯಿತೆಂದು ಹೇಳಿತು. ಅಗ್ಗದ ಪುಡಿಗೆ ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ಬೇಕಿಲ್ಲ. ಆದರೆ ಎರಡು ದಿನಕ್ಕೆ ಗುಣ ಕಾಣಲಿಲ್ಲವೆಂದು ಬಿಡಬೇಡಿ, ಕೆಲವು ವಾರ ಬೇಕು. ಸೋನಾಮುಖಿ ಹಾಕಿದ ಭೇದಿ ಚೂರ್ಣಗಳನ್ನು ಮಾತ್ರ ಯಾರನ್ನೂ ಕೇಳದೆ ದಿನಾ ನುಂಗುವ ಅಭ್ಯಾಸ ಮಾಡಿಕೊಳ್ಳಬೇಡಿ.

ಟಾಯ್ಲೆಟ್ಟಿನ ಅಭ್ಯಾಸ ಇದಕ್ಕಿಂತ ಮುಖ್ಯ. ಬೆಳಗ್ಗೆ ಎದ್ದು ಕಾಫಿಯೋ ತಿಂಡಿಯೋ ಹೊಟ್ಟೆಗೆ ಬಿದ್ದ ಸ್ವಲ್ಪ ಹೊತ್ತಿಗೆ ದೊಡ್ಡ ಕರುಳು ತಾನೇ ಅಲುಗುತ್ತದೆ. ಆ ಹೊತ್ತನ್ನು ಕ್ಯಾಬ್ ಬಂತು, ಮೀಟಿಂಗ್ ಬಂತು ಎಂದು ತಪ್ಪಿಸಿಕೊಂಡರೆ ಮಲ ಒಳಗೇ ಉಳಿದು ನೀರು ಕಳೆದುಕೊಳ್ಳುತ್ತದೆ. ಹುಡುಗಿಯರದು ಇದರ ಮೇಲೊಂದು ಕಷ್ಟ. ಕಾಲೇಜಿನಲ್ಲಿ, ಗಾರ್ಮೆಂಟ್ಸ್‌ನಲ್ಲಿ, ದೂರದ ಬಸ್ಸಿನಲ್ಲಿ ಶುಚಿಯಾದ ಶೌಚಾಲಯ ಸಿಗದೆಂದು ಬೆಳಗಿನಿಂದ ನೀರನ್ನೇ ಕುಡಿಯದೆ, ಬಂದದ್ದನ್ನು ಹಿಡಿದುಕೊಂಡು ಸಂಜೆ ಮಾಡುತ್ತಾರೆ. ಅವರಿಗೆ ನೀರು ಕುಡಿಯಿರಿ ಎಂದು ಉಪದೇಶ ಮಾಡುವ ಮೊದಲು ಒಂದು ಚಿಲಕವಿರುವ, ನೀರು ಬರುವ ಟಾಯ್ಲೆಟ್ ಕಟ್ಟಿಸಿಕೊಡಬೇಕಾದವರು ನಾವು ದೊಡ್ಡವರು. ಬಸುರಿಯಾದಾಗ ಕೊನೆಯ ತಿಂಗಳುಗಳಲ್ಲಿ, ಹೆರಿಗೆಯಾದ ಮೇಲೆ, ಈ ತೊಂದರೆ ತೀರಾ ಸಾಮಾನ್ಯ. ಬಾಣಂತನದಲ್ಲಿ ನೀರು, ಸೊಪ್ಪು ಕೊಡದೆ ಪಥ್ಯ ಹಿಡಿಸುವ ಮನೆಗಳಲ್ಲಂತೂ ಇನ್ನೂ ಹೆಚ್ಚು. ಆ ಪಥ್ಯವನ್ನು ಧೈರ್ಯವಾಗಿ ಮುರಿಯಿರಿ.

ಕುಕ್ಕರಗಾಲಿನಲ್ಲಿ ಕೂತಾಗ ಮಲಾಶಯದ ಬಾಗು ನೇರವಾಗಿ ದಾರಿ ಸಲೀಸಾಗುತ್ತದೆ. ಕಮೋಡ್ ಇರುವ ಮನೆಯಲ್ಲಿ ಪಾದದ ಕೆಳಗೆ ಒಂದು ಮಣೆ ಇಟ್ಟುಕೊಂಡು ಮುಂದಕ್ಕೆ ಬಾಗಿದರೆ ಸುಮಾರು ಅದೇ ಭಂಗಿ ಬರುತ್ತದೆ. ಮೊಬೈಲು ಹೊರಗಿರಲಿ. ಇದು ಮುದುಕನ ಗೊಣಗಾಟವಲ್ಲ. ಬಾಸ್ಟನ್ನಿನ ವೈದ್ಯರು ಕೊಲೊನೊಸ್ಕೋಪಿಗೆ (ದೊಡ್ಡ ಕರುಳಿನೊಳಗನ್ನು ಕ್ಯಾಮೆರಾ ಕೊಳವೆಯಿಂದ ನೋಡುವ ಪರೀಕ್ಷೆಗೆ) ಬಂದ 125 ಮಂದಿಯನ್ನು ವಿಚಾರಿಸಿ 2025ರ ಸೆಪ್ಟೆಂಬರ್‌ನಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬರೆದಿದ್ದಾರೆ. ಮೂವರಲ್ಲಿ ಇಬ್ಬರು ಫೋನ್ ಒಯ್ಯುವವರೇ, ಅವರಿಗೆ ಮೂಲವ್ಯಾಧಿ ಇರುವ ಸಂಭವ 46% ಹೆಚ್ಚು. ಐದು ನಿಮಿಷಕ್ಕಿಂತ ಜಾಸ್ತಿ ಕೂರುವವರು ಫೋನಿದ್ದವರಲ್ಲಿ 37%, ಇಲ್ಲದವರಲ್ಲಿ 7%. ಸಣ್ಣ ಅಧ್ಯಯನ, ಫೋನೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ನಡುವೆ ತೂತಿರುವ ಸೀಟಿನ ಮೇಲೆ, ಕೆಳಗೆ ಯಾವ ಆಸರೆಯೂ ಇಲ್ಲದೆ ಅರ್ಧ ಗಂಟೆ ಕೂತರೆ ಆ ಮೆತ್ತೆಗಳಿಗೆ ರಕ್ತ ಇಳಿದು ನಿಲ್ಲುತ್ತದೆಂಬುದು ನನಗೆ ಒಪ್ಪುವ ಮಾತು. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ, ಆಮೇಲೆ ಹೋದರಾಯಿತು.

ನೋವು, ಊತ ಇದ್ದಾಗ ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಕೂರಿ, ದಿನಕ್ಕೆ ಎರಡು ಮೂರು ಸಲ. ನೀರಿಗೆ ಡೆಟಾಲ್ ಸುರಿಯಬೇಡಿ, ಚರ್ಮ ಸುಡುತ್ತದೆ. ಅಂಗಡಿಯ ಮುಲಾಮುಗಳು ನವೆ, ಉರಿ ಕಡಿಮೆ ಮಾಡುತ್ತವೆ, ಜಾರಿದ ಮೆತ್ತೆಯನ್ನು ಮೇಲಕ್ಕೆ ಏರಿಸುವುದಿಲ್ಲ. ಸ್ಟೀರಾಯ್ಡ್ ಇರುವವನ್ನು ಒಂದು ವಾರಕ್ಕಿಂತ ಹೆಚ್ಚು ಹಚ್ಚಿದರೆ ಚರ್ಮ ತೆಳುವಾಗುತ್ತದೆ.

ಇಷ್ಟೆಲ್ಲ ಮಾಡಿಯೂ ರಕ್ತ ನಿಲ್ಲದಿದ್ದರೆ ಬ್ಯಾಂಡ್ ಹಾಕುವುದಿದೆ. 1963ರಲ್ಲಿ ಬ್ಯಾರನ್ ಎಂಬ ಅಮೆರಿಕದ ಸರ್ಜನ್ ಜನಪ್ರಿಯಗೊಳಿಸಿದ ವಿಧಾನ, ಇವತ್ತಿಗೂ ಎರಡನೆಯ ಹಂತಕ್ಕೆ, ಮೂರನೆಯದರಲ್ಲೂ ಕೆಲವರಿಗೆ ನಾನು ಮೊದಲು ಸೂಚಿಸುವುದು ಅದನ್ನೇ. ಪ್ರಾಕ್ಟೋಸ್ಕೋಪಿನೊಳಗಿಂದ ಮೆತ್ತೆಯ ಬುಡವನ್ನು ಎಳೆದುಕೊಂಡು, ಮೂಗುತಿಯಷ್ಟು ಚಿಕ್ಕ ರಬ್ಬರ್ ಉಂಗುರವನ್ನು ಅದಕ್ಕೆ ಜಾರಿಸುತ್ತಾರೆ. ಗೆರೆಯ ಮೇಲೆ ಹಾಕುವುದರಿಂದ ಅರಿವಳಿಕೆ ಬೇಡ, ಒಂದೆರಡು ದಿನ ಒಳಗೆ ಭಾರ ಭಾರ ಎನ್ನಿಸುತ್ತದೆ. ರಕ್ತ ಸಿಗದ ತುದಿ ಒಣಗಿ ವಾರ ಹತ್ತು ದಿನದಲ್ಲಿ ಉಂಗುರದ ಸಮೇತ ಬಿದ್ದುಹೋಗುತ್ತದೆ, ಆಗ ಸ್ವಲ್ಪ ರಕ್ತ ಕಂಡರೆ ಗಾಬರಿಯಾಗಬೇಡಿ. ಆದರೆ ಹಾಕಿಸಿಕೊಂಡ ಮೇಲೆ ಜ್ವರ ಬಂದು, ನೋವು ಏರುತ್ತಾ ಹೋಗಿ, ಮೂತ್ರ ಕಟ್ಟಿದರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಓಡಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ.

ಮೂರು ನಾಲ್ಕನೆಯ ಹಂತಕ್ಕೆ ಶಸ್ತ್ರಕ್ರಿಯೆ. ಲಂಡನ್ನಿನಲ್ಲಿ ಮಿಲ್ಲಿಗನ್ ಮತ್ತು ಮಾರ್ಗನ್ 1937ರಲ್ಲಿ ವಿವರಿಸಿದ ವಿಧಾನ ಇನ್ನೂ ಚಾಲ್ತಿಯಲ್ಲಿದೆ. ಮೊದಲ ವಾರ ಹತ್ತು ದಿನ ನೋವಿರುತ್ತದೆ, ಗಾಯ ಪೂರ್ತಿ ಮಾಯಲು ತಿಂಗಳಿನ ಮೇಲಾಗುತ್ತದೆ, ಮರುಕಳಿಸುವುದು ಕಡಿಮೆ. 1998ರಲ್ಲಿ ಇಟಲಿಯ ಲೊಂಗೊ ತಂದ ಸ್ಟೇಪ್ಲರ್‌ನಲ್ಲಿ ನೋವು ಕಡಿಮೆ, ಮತ್ತೆ ಬರುವ ಸಂಭವ ಹೆಚ್ಚು. ಯಾವುದನ್ನು ಮಾಡಿಸಿದರೂ ತಿಣುಕುವ ಚಾಳಿ ಬಿಡದವನಿಗೆ ಯಾವ ಸರ್ಜನ್ನೂ ಗ್ಯಾರಂಟಿ ಕೊಡಲಾರ. ದಿನಾ ಸ್ವಲ್ಪ ಸ್ವಲ್ಪವೇ ರಕ್ತ ಹೋಗಿ ಹಿಮೋಗ್ಲೋಬಿನ್ ಅರ್ಧಕ್ಕಿಳಿದು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಸ್ಥಿತಿಯಲ್ಲಿ ಬಂದವರಿಗೆ ಮೊದಲು ರಕ್ತ ಏರಿಸಿ ಆಮೇಲೆ ಕತ್ತಿ ಹಿಡಿಯಬೇಕಾಗುತ್ತದೆ. ಅಲ್ಲಿಯ ತನಕ ಹೋಗಬೇಡಿ.

ಕೊನೆಯದಾಗಿ ನಿಮ್ಮ ಮನೆಯ ಹಿರಿಯರ ವಿಷಯ. ನಮ್ಮ ತಲೆಮಾರಿನವರು ನಿಮಗಿಂತ ಹೆಚ್ಚು ಮುಚ್ಚಿಡುವವರು. ಅಪ್ಪ ನಾಲ್ಕು ದಿನದಿಂದ ಸಪ್ಪಗಿದ್ದರೆ, ಕುರ್ಚಿಯ ಮೇಲೆ ಒಂದೇ ಮಗ್ಗುಲಿಗೆ ಕೂರುತ್ತಿದ್ದರೆ, ಒಳಉಡುಪನ್ನು ತಾವೇ ಒಗೆದು ಮೂಲೆಯಲ್ಲಿ ಒಣಗಿಸುತ್ತಿದ್ದರೆ ನೀವೇ ಕೇಳಿ. ಅಮ್ಮನನ್ನಂತೂ ಕೇಳಲೇಬೇಕು, ಅವರಾಗಿ ಹೇಳುವುದಿಲ್ಲ. 'ಅದು ಹಳೇ ಪೈಲ್ಸ್ ಕಣೋ, ಇಪ್ಪತ್ತು ವರ್ಷದ್ದು' ಎಂದರೂ ಒಪ್ಪಬೇಡಿ. ನಲವತ್ತೈದು ದಾಟಿದವರಿಗೆ ರಕ್ತ ಬಂದರೆ ಹಳೆಯ ಪೈಲ್ಸ್ ಇದ್ದರೂ ಸೈ, ಕೊಲೊನೊಸ್ಕೋಪಿ ಬೇಕೇ ಎಂದು ಡಾಕ್ಟರನ್ನು ಕೇಳಬೇಕು. ಅದನ್ನು ಮಾಡಿಸುವುದಾದರೆ ಹಿಂದಿನ ದಿನ ಗಟ್ಟಿ ಆಹಾರವಿಲ್ಲ, ತಿಳಿ ಗಂಜಿ, ಎಳನೀರು, ಸೋಸಿದ ಸಾರಿನಂಥವು. ಕರುಳು ತೊಳೆಯುವ ಪುಡಿಯನ್ನು ಲೀಟರುಗಟ್ಟಲೆ ನೀರಿನಲ್ಲಿ ಕರಗಿಸಿ ಕುಡಿಯಬೇಕು. ರುಚಿ ಕೆಟ್ಟದಾಗಿರುತ್ತದೆ, ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದರೆ ಗಂಟಲಲ್ಲಿ ಇಳಿಯುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗಳನ್ನು ಅವತ್ತು ಹೇಗೆ ತೆಗೆದುಕೊಳ್ಳಬೇಕೆಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಒಂದೇ ಟಾಯ್ಲೆಟ್ ಇದ್ದರೆ ಅವತ್ತು ರಾತ್ರಿ ಅದನ್ನು ಅವರಿಗೇ ಬಿಟ್ಟುಕೊಟ್ಟು, ನೀವು ಪಕ್ಕದ ಮನೆಯವರ ಹತ್ತಿರ ಮುಂಚೆಯೇ ಒಂದು ಮಾತು ಹೇಳಿಟ್ಟಿರಿ.